ನೀರು ಕುಡಿಯುವಷ್ಟು ಹೊತ್ತು

ಸೆಪ್ಟೆಂಬರ್ ೬, ಶನಿವಾರ

ಆಸ್ಪತ್ರೆಯ ಉಗ್ರಾಣದಲ್ಲಿ ಮೂಲೆ ಸೇರಿದ್ದ ಹಳೆಯ ರಿಜಿಸ್ಟರು ಇದು. ರಟ್ಟಿನ ಮೇಲೆ ‘ಹೊದಿಕೆಗಳು – ಒಳಬಂದದ್ದು’ ಎಂದಿದೆ, ಒಳಗೆ ಒಂದು ಹೊದಿಕೆಯೂ ಬಂದಿಲ್ಲ. ಇವತ್ತಿನಿಂದ ಇದು ನಮ್ಮ ಕಾರಿನ ಕಡತ. ಇಪ್ಪತ್ತಾರು ವರ್ಷದಿಂದ ಖರೀದಿ ವಿಭಾಗದಲ್ಲಿ ಕೂತಿದ್ದೇನೆ. ಯಾರು, ಯಾವತ್ತು, ಏನು ಹೇಳಿದರು ಎಂದು ಬರೆದಿಡದೆ ಒಂದು ಡಜನ್ ಕೈಗವಸನ್ನೂ ಕೊಂಡವನಲ್ಲ. ಕಾರಿನ ವಿಷಯದಲ್ಲಿ ಬಿಡುತ್ತೇನೆಯೇ?

ವಿಷಯ ಇಷ್ಟು. ನನ್ನ ಹೆಂಡತಿ ಕಟ್ಟುಹಲ್ಲು ತಯಾರಿಸುವವಳು. ಇಷ್ಟು ವರ್ಷ ಇದೇ ಊರಿನ ಪ್ರಯೋಗಾಲಯವೊಂದರಲ್ಲಿ ಇನ್ನೊಬ್ಬರ ಕೈಕೆಳಗೆ ಮೇಣದಲ್ಲಿ ಹಲ್ಲಿನ ಅಚ್ಚು ಕೆತ್ತುತ್ತಿದ್ದಳು. ಈಗ ಪಕ್ಕದ ಊರಿನವರು ತಮ್ಮ ಪ್ರಯೋಗಾಲಯಕ್ಕೆ ಅವಳನ್ನೇ ಮುಖ್ಯಸ್ಥೆ ಮಾಡಿ ಕರೆದಿದ್ದಾರೆ. ಅಕ್ಟೋಬರ್ ಒಂದಕ್ಕೆ ಸೇರಬೇಕು. ಕೆಲಸ ಮುಗಿಯುವುದು ಸಂಜೆ ಏಳಕ್ಕೆ, ಅಲ್ಲಿಂದ ಇಲ್ಲಿಗೆ ಕಡೆಯ ಬಸ್ಸು ಆರಕ್ಕೆ. ಕಾರಿದ್ದರೆ ಒಂದು ಗಂಟೆಯ ದಾರಿ.

“ಕಾರಿಲ್ಲದಿದ್ರೆ ಮಹಡಿ ಮೇಲೊಂದು ಕೋಣೆ ಕೊಡ್ತಾರಂತೆ. ಅಲ್ಲೇ ಇದ್ದು ಭಾನುವಾರ ಬಂದು ಹೋಗ್ಬೇಕಾಗುತ್ತೆ,” ಎಂದಳು.

“ಆ ಮಾತೇ ಬೇಡ. ಕಾರೇ ತಗೊಳ್ಳೋಣ,” ಎಂದೆ.

ನಮಗೆ ಮಕ್ಕಳಿಲ್ಲ. ಈ ಮನೆಯಲ್ಲಿ ಇಪ್ಪತ್ತೆರಡು ವರ್ಷದಿಂದ ನಾವಿಬ್ಬರೇ. ಸಂಜೆ ಅವಳು ಬಂದು ಚಪ್ಪಲಿ ಬಿಡುವ ಸದ್ದು ಕೇಳಿದ ಮೇಲೆ ನಾನು ಚಹಾಕ್ಕೆ ನೀರಿಡುವುದು ಪದ್ಧತಿ. ಅದು ತಪ್ಪಬಾರದು.

ಕಾರು ಓಡಿಸುವವಳು ಅವಳೇ. ಮದುವೆಗೆ ಮುಂಚೆಯೇ ತನ್ನಪ್ಪನ ಗಾಡಿಯಲ್ಲಿ ಕಲಿತವಳು. ನಾನು ಸ್ಕೂಟರಿನವನು. ಆದ್ದರಿಂದ ಊಟದ ಮೇಜಿನಲ್ಲಿ ಖಾತೆ ಹಂಚಿಕೆಯಾಯಿತು: ಬಣ್ಣ ಅವಳದು, ಬೆಲೆ ನನ್ನದು.

ಸೆಪ್ಟೆಂಬರ್ ೮

ಮೊದಲನೇ ಷೋರೂಂ. ಗಾಜಿನ ಗೋಡೆ, ಹೆಜ್ಜೆಯಿಟ್ಟರೆ ಮುಖ ಕಾಣುವ ನೆಲ. ನಮ್ಮನ್ನು ನೋಡಿಕೊಂಡವರು ಐವತ್ತೈದರ ಹತ್ತಿರದ ಒಬ್ಬ ಮಾರಾಟಗಾರರು. ಯಾರಾದರೂ ಕಾರು ಮುಟ್ಟಿದ ತಕ್ಷಣ ಜೇಬಿನಿಂದ ತಮ್ಮದೇ ಕರವಸ್ತ್ರ ತೆಗೆದು ಬೆರಳ ಗುರುತು ಒರೆಸುತ್ತಾರೆ. ಅದಕ್ಕೇ ಈ ಕಡತದಲ್ಲಿ ಅವರ ಹೆಸರು ಕರವಸ್ತ್ರ.

ಸಣ್ಣ ಕಾರು, ನಾಲ್ಕು ಬಾಗಿಲು, ನಮಗೆ ಬೇಕಾದದ್ದೇ. ಇಬ್ಬರೂ ಮುಖದಲ್ಲಿ ಏನೂ ತೋರಿಸಬಾರದೆಂದು ದಾರಿಯುದ್ದಕ್ಕೂ ಪಾಠ ಹೇಳಿಕೊಂಡು ಹೋಗಿದ್ದೆ. ಇವಳು ಬಿಳಿ ಕಾರೊಂದರ ಮುಂದೆ ನಿಂತಳು, ಬಾನೆಟ್ಟಿನ ಮೇಲೆ ಅಂಗೈ ಇಟ್ಟಳು. “ಇದೇ!” ಎಂದುಬಿಟ್ಟಳು.

“ಪಕ್ಕದಲ್ಲೂ ಬಿಳಿಯದೇ ಇದೆಯಲ್ಲ,” ಎಂದು ನಾನು ಮಾತು ತಿರುಗಿಸಲು ನೋಡಿದೆ.

“ಅದು ಸುಣ್ಣದ ಬಿಳಿ ಕಣ್ರೀ. ಇದು ಹಲ್ಲಿನ ಬಿಳಿ.”

ದಿನಾ ಹದಿನಾರು ಥರದ ಬಿಳುಪಿನಲ್ಲಿ ಒಂದನ್ನು ಆರಿಸಿ ಇನ್ನೊಬ್ಬರ ಬಾಯಿಗೆ ಹೊಂದಿಸುವವಳ ಜೊತೆ ಈ ವಿಷಯದಲ್ಲಿ ವಾದ ಮಾಡಲಾಗುವುದಿಲ್ಲ. ಕರವಸ್ತ್ರ ಅವಳ ಅಂಗೈ ಗುರುತನ್ನು ಒರೆಸುತ್ತಾ ನನ್ನತ್ತ ನೋಡಿ ನಕ್ಕರು. ನನ್ನ ಅರ್ಧ ಬಲ ಅಲ್ಲೇ ಹೋಯಿತು.

ಉಳಿದರ್ಧವನ್ನು ಮೇಜಿನ ಮುಂದೆ ಕೂತು ಕಾಪಾಡಿಕೊಂಡೆ. ನನ್ನದು ಬಹಳ ಸರಳ ವಿದ್ಯೆ. ಎದುರಿನವರು ಬೆಲೆ ಹೇಳಿದ ಕೂಡಲೇ ನಾನು ಬಾಯಿ ತೆರೆಯುವುದಿಲ್ಲ. ನೀರಿನ ಲೋಟ ಎತ್ತಿಕೊಳ್ಳುತ್ತೇನೆ, ನಿಧಾನವಾಗಿ ಕುಡಿಯುತ್ತೇನೆ. ಸುಮ್ಮನೆ ಕೂರುವುದು ಜನಕ್ಕೆ ಆಗುವುದಿಲ್ಲ. ಅರ್ಧ ಲೋಟ ಖಾಲಿಯಾಗುವಷ್ಟರಲ್ಲಿ ಅವರೇ ಚಡಪಡಿಸಿ ಒಂದಿಷ್ಟು ಇಳಿಸುತ್ತಾರೆ. ಆಸ್ಪತ್ರೆಗೆ ಮಂಚ, ಹಾಸಿಗೆ, ಸೂಜಿ, ಎಲ್ಲವನ್ನೂ ನಾನು ನೀರು ಕುಡಿದೇ ತಂದಿದ್ದೇನೆ.

ಕರವಸ್ತ್ರ ಮೊದಲು ಏನನ್ನೂ ಇಳಿಸುವುದಿಲ್ಲ ಎಂದರು. ಒಂದು ಲೋಟಕ್ಕೆ ಹನ್ನೆರಡು ಸಾವಿರ ಇಳಿಯಿತು. ಎರಡನೇ ಲೋಟಕ್ಕೆ ಕಾಲಡಿಯ ಮ್ಯಾಟ್ ಬಿಟ್ಟಿ. ಯೋಚಿಸಿ ಹೇಳುತ್ತೇನೆಂದು ಎದ್ದೆ.

“ಹೀಗೆ ಕುಡೀತಾ ಹೋದ್ರೆ ಕಾರಿಗೆ ಮುಂಚೆ ನಿಮ್ಮನ್ನೇ ಸರ್ವಿಸ್‌ಗೆ ಬಿಡ್ಬೇಕಾಗುತ್ತೆ,” ಎಂದಳು ಸ್ಕೂಟರಿನ ಹಿಂದೆ ಕೂತು.

ಸೆಪ್ಟೆಂಬರ್ ೧೧

ಭಾವಮೈದನ ಫೋನು. ಹೆಂಡತಿಯ ತಮ್ಮ, ಯಾವುದೇ ವಿಷಯ ಎತ್ತಿದರೂ ತಾನು ಒಂದು ಹೆಜ್ಜೆ ಮುಂದಿರಬೇಕು ಅವನಿಗೆ. ಅಕ್ಕನಿಂದ ಸುದ್ದಿ ತಿಳಿದು ಕರೆ ಮಾಡಿದನಂತೆ.

“ಭಾವ, ಅದೇ ಕಾರು ನಾನು ಹೋದ ವರ್ಷ ತಗೊಂಡ್ನಲ್ಲ. ನಲವತ್ತು ಸಾವಿರ ಇಳಿಸ್ದೆ. ನೀವಂತೂ ಅದೇ ಕಸುಬಿನವರು, ನಿಮಗೆ ಹೇಳ್ಕೊಡೋಕಾಗುತ್ತಾ?”

“ಹೌದಾ? ಒಳ್ಳೇದಾಯ್ತು,” ಎಂದೆ. ಒಳಗೆ ಮಾತ್ರ ಮೆಣಸಿನಕಾಯಿ ಅರೆದ ಹಾಗಾಯಿತು. ಬನಿಯನ್ನಿಗೂ ಹೇಳಿದಷ್ಟು ಕೊಟ್ಟು ಬರುವ ಆಸಾಮಿ ನಲವತ್ತು ಸಾವಿರ ಇಳಿಸಿದನೇ? ಹಾಗಾದರೆ ನಾನು ನಲವತ್ತೈದು ಇಳಿಸಬೇಕು.

ಸೆಪ್ಟೆಂಬರ್ ೧೪, ಭಾನುವಾರ

ಇನ್ನೆರಡು ಷೋರೂಂ ಮುಗಿಸಿದೆ. ಒಂದು ಕಡೆ ಹದಿನೈದು ಸಾವಿರ ಇಳಿಸುತ್ತೇವೆಂದು ಹೇಳಿ ‘ನಿರ್ವಹಣಾ ಶುಲ್ಕ’ ಎಂಬ ಹೆಸರಲ್ಲಿ ಹದಿನಾಲ್ಕು ಸೇರಿಸಿದ್ದರು. ಏನನ್ನು ನಿರ್ವಹಿಸುತ್ತೀರಿ ಎಂದು ಕೇಳಿದರೆ ಆ ಮನುಷ್ಯ ಮ್ಯಾನೇಜರ ಮುಖ ನೋಡಿದ, ಮ್ಯಾನೇಜರು ಚಾವಣಿಯ ಫ್ಯಾನು ನೋಡಿದರು. ಇನ್ನೊಂದು ಕಡೆ ನೀರೇ ಕೊಡಲಿಲ್ಲ.

ಮೂರನ್ನೂ ಅಕ್ಕಪಕ್ಕ ಇಟ್ಟು ತುಲನಾ ಪಟ್ಟಿ ಮಾಡಿದೆ. ಹೆಂಡತಿ ಪಕ್ಕದಲ್ಲೇ ಕೂತು ಹೊಸ ಟವಲ್ಲೊಂದರ ಬೆಲೆಯ ಚೀಟಿ ಕೀಳುತ್ತಿದ್ದಳು. ಏನೇ ತಂದರೂ ಮನೆಯೊಳಗೆ ಬರುವ ಮುಂಚೆ ಚೀಟಿ ಕಿತ್ತು ಬರುವುದು ಅವಳ ಅಭ್ಯಾಸ. ಇವತ್ತು ಮರೆತಿದ್ದಳು.

“ಅದಕ್ಕೆ ಎಷ್ಟು ಕೊಟ್ಟೆ?” ಎಂದೆ.

“ಒರೆಸ್ಕೊಳ್ಳೋಕೆ ಎಷ್ಟು ಬೇಕೋ ಅಷ್ಟು,” ಎಂದು ಎದ್ದು ಹೋದಳು.

ಸೆಪ್ಟೆಂಬರ್ ೧೭

ಕರವಸ್ತ್ರ ಫೋನು ಮಾಡಿದರು. ಇಪ್ಪತ್ತೆಂಟು ಸಾವಿರ ಇಳಿಸುತ್ತಾರಂತೆ, ಮ್ಯಾಟ್ ಸೇರಿ, ಸುಳ್ಳು ಶುಲ್ಕ ಯಾವುದೂ ಇಲ್ಲ. “ಇದು ನನ್ನ ಕಡೇ ಮಾತು ಸಾರ್. ಇದರ ಕೆಳಗೆ ನಂಗೂ ದಾರಿ ಇಲ್ಲ.”

ಆಸ್ಪತ್ರೆಗೆ ಸಾಮಾನು ಹಾಕುವವರು ವಾರಕ್ಕೆ ಮೂರು ಸಲ ನನಗೆ ಕಡೇ ಮಾತು ಹೇಳುತ್ತಾರೆ. ನಾನು ಕಿವಿಗೆ ಹಾಕಿಕೊಳ್ಳಲಿಲ್ಲ.

“ಸರಿ ಅಂದ್ಬಿಡಿ,” ಎಂದಳು ಇವಳು.

“ತಿಂಗಳ ಕೊನೇ ದಿನ ಅವರಿಗೆ ಗುರಿ ಮುಟ್ಟಿಸ್ಬೇಕಿರುತ್ತೆ. ಮೂವತ್ತನೇ ತಾರೀಖು ಸಂಜೆ ಹೋದ್ರೆ ತಾವಾಗೇ ಇಳೀತಾರೆ. ಹದಿಮೂರು ದಿನ ತಾನೆ?”

“ಅಷ್ಟರಲ್ಲಿ ಯಾರಾದ್ರೂ ತಗೊಂಡ್ಬಿಟ್ರೆ?”

“ಹಲ್ಲಿನ ಬಿಳಿ ಬೇಕು ಅನ್ನೋರು ಈ ಊರಲ್ಲಿ ನೀನೊಬ್ಬಳೇ.”

ಅವಳು ನಗಲಿಲ್ಲ. ಕ್ಯಾಲೆಂಡರಿನಲ್ಲಿ ಅಕ್ಟೋಬರಿನ ಹಾಳೆ ತಿರುವಿ ನೋಡಿ ಮತ್ತೆ ಬಿಟ್ಟಳು.

ಸೆಪ್ಟೆಂಬರ್ ೨೨

ಕಾರು ಓಡಿಸಿ ನೋಡಲು ಹೋಗಿದ್ದೆವು. ಕೊಳ್ಳುವ ಆತುರವಿಲ್ಲ, ಸುಮ್ಮನೆ ಪರೀಕ್ಷೆ ಎಂದು ಮೊದಲೇ ಹೇಳಿದ್ದೆ. ಅವಳು ಸ್ಟಿಯರಿಂಗ್ ಹಿಡಿದಳು, ಕರವಸ್ತ್ರ ಪಕ್ಕದಲ್ಲಿ, ನಾನು ಹಿಂದೆ.

ಎರಡು ತಿರುವು ದಾಟುವವರೆಗೆ ಬಿಗಿಯಾಗಿ ಕೂತಿದ್ದಳು. ಮೂರನೆಯದರಲ್ಲಿ ಭುಜ ಇಳಿಬಿಟ್ಟಳು. ಹಾಡೊಂದನ್ನು ಗುನುಗತೊಡಗಿದಳು. ಕರವಸ್ತ್ರ ಎಡಕ್ಕೆ ತಿರುಗಿ ಎಂದರೆ ಅವಳು ನೇರವಾಗಿ ಹೋದಳು, ಸೇತುವೆ ದಾಟಿ, ಅಂಗಡಿಗಳೆಲ್ಲ ಮುಗಿದು ಎರಡೂ ಕಡೆ ಬಯಲು ಬರುವ ತನಕ. ಮೇಲಿನ ಕನ್ನಡಿಯಲ್ಲಿ ಅವಳ ಮುಖದ ಒಂದು ತುಂಡು ಮಾತ್ರ ನನಗೆ ಕಾಣುತ್ತಿತ್ತು. ಆ ಮುಖ ನೋಡಿ ಎಷ್ಟು ವರ್ಷವಾಯಿತು ಎಂದು ಲೆಕ್ಕ ಹಾಕಲು ಹೊರಟು, ಅರ್ಧಕ್ಕೆ ಬಿಟ್ಟೆ.

“ಮೇಡಂ ಕೈ ಪಳಗಿದ ಕೈ ಸಾರ್,” ಎಂದರು ಕರವಸ್ತ್ರ ಹಿಂದಕ್ಕೆ ತಿರುಗಿ. ಬೆಲೆ ಏರಿಸುವ ಹೊಗಳಿಕೆ ಇದು. ನಾನು ಕಿಟಕಿಯಾಚೆ ನೋಡಿದೆ.

ಇಳಿಯುವಾಗ ಅವಳು ಕೇಳಿದಳು, “ಇವತ್ತೇ ಮುಗಿಸ್ಬಿಡೋಣ್ವಾ?” ಮೆಲ್ಲಗೆ, ನನಗೆ ಮಾತ್ರ ಕೇಳುವಂತೆ. ಮೂವತ್ತು, ಎಂದೆ. ಇನ್ನು ಎಂಟೇ ದಿನ.

ಸೆಪ್ಟೆಂಬರ್ ೩೦

ಅರ್ಧ ದಿನ ರಜೆ ಹಾಕಿ ಸಂಜೆ ನಾಲ್ಕಕ್ಕೆ ಹೋದೆ. ಇವಳಿಗೆ ಹಳೇ ಕೆಲಸದ ಕಡೆಯ ದಿನ, ಒಬ್ಬನೇ ಹೋದೆ. ಷೋರೂಮಿನಲ್ಲಿ ನಾನೆಣಿಸಿದಂತೆಯೇ ಗಡಿಬಿಡಿ ಇತ್ತು. ಬಲೂನು ಕಟ್ಟಿದ್ದರು. ಬಿಳಿ ಕಾರು ನಿಂತಿದ್ದ ಜಾಗದಲ್ಲಿ ಹಸಿರು ಕಾರೊಂದು ನಿಂತಿತ್ತು. ಹಸಿರೆಂದರೆ ಗಿಳಿಯೂ ನಾಚಬೇಕು.

“ಮೊನ್ನೆ ಭಾನುವಾರ ಹೋಯ್ತು ಸಾರ್,” ಎಂದರು ಕರವಸ್ತ್ರ. “ದಂಪತಿ ಬಂದ್ರು, ನೋಡಿದ್ರು, ತಗೊಂಡ್ಹೋದ್ರು. ನಿಮಗೆ ಎರಡು ಸಲ ಫೋನ್ ಮಾಡ್ದೆ.”

ಮಾಡಿದ್ದರು. ಬಲೆ ಬೀಸುತ್ತಿದ್ದಾರೆಂದುಕೊಂಡು ನಾನೇ ಎತ್ತಿರಲಿಲ್ಲ.

ಮುಂದಿನ ಬಿಳಿ ಕಾರು ಬರುವುದು ಐದು ವಾರಕ್ಕೆ. ಹಸಿರಾದರೆ ಇವತ್ತೇ, ಮೂವತ್ತೈದು ಸಾವಿರ ಇಳಿಸಿ. ಹೊರಗೆ ಬಂದು ಇವಳಿಗೆ ಫೋನು ಮಾಡಿದೆ. ಬಣ್ಣ ವಿವರಿಸಿದೆ. ಆದಷ್ಟು ಕಡಿಮೆ ಹಸಿರಾಗಿ ವಿವರಿಸಿದೆ.

“ಬಣ್ಣ ನನ್ನ ಖಾತೆ ಅಲ್ವಾ,” ಎಂದಳು. “ಬಿಳೀದೇ ಬರ್ಲಿ. ನಾನು ಆ ಕೋಣೆಗೆ ಹೇಳ್ತೀನಿ.”

ಕೂಗಾಡಿದ್ದರೆ ಚೆನ್ನಾಗಿತ್ತು.

ಅಕ್ಟೋಬರ್ ೧

ಬೆಳಗಿನ ಬಸ್ಸಿಗೆ ಹೊರಟಳು. ಒಂದು ಪೆಟ್ಟಿಗೆ, ತನ್ನ ಕೆತ್ತುವ ಚಾಕುಗಳ ಚೀಲ, ದಿಂಬು. ದಿಂಬು ಬೇಡವೆಂದಿದ್ದಳು, ನಾನೇ ಕೊಟ್ಟೆ.

ಅಕ್ಟೋಬರ್ ೫, ಭಾನುವಾರ

ಬೆಳಿಗ್ಗೆ ಹತ್ತಕ್ಕೆ ಬಂದಳು, ಸಂಜೆ ಐದಕ್ಕೆ ಹೋದಳು. ಬಟ್ಟೆ ಒಗೆಯುವುದರಲ್ಲಿ, ಕರೆಂಟು ಬಿಲ್ಲು ಹುಡುಕುವುದರಲ್ಲಿ ದಿನ ಕಳೆಯಿತು. ಹೊಸ ಕೆಲಸದ ಬಗ್ಗೆ ಹೇಳುತ್ತಾ ಕೈ ಆಡಿಸುತ್ತಿದ್ದಳು. ಅವಳ ಕೆಳಗೆ ನಾಲ್ಕು ಜನ ಇದ್ದಾರಂತೆ.

ಅಕ್ಟೋಬರ್ ೯

ಸಂಜೆ ಮನೆಗೆ ಬಂದು ಅಭ್ಯಾಸಬಲದಿಂದ ಎರಡು ಲೋಟ ನೀರಿಟ್ಟೆ. ಒಂದನ್ನು ಚೆಲ್ಲುವುದೇಕೆಂದು ಎರಡು ಲೋಟ ಚಹಾವನ್ನೂ ನಾನೇ ಕುಡಿದೆ. ಆಮೇಲೆ ನಿದ್ದೆ ಬಾರದೆ ಹೊರಳಾಡಿದೆ.

ತರಕಾರಿಯವಳ ಹತ್ತಿರ ಇವತ್ತು ಕೊಸರಲಿಲ್ಲ. ಅವಳು ಹೇಳಿದಷ್ಟು ಕೊಟ್ಟೆ. “ಮೈಗೆ ಹುಷಾರಿಲ್ವಾ ಅಣ್ಣ?” ಎಂದು ಕೇಳಿದಳು. ಬರೀ ಒಬ್ಬನಿಗೆ ಎರಡು ಟೊಮೆಟೊ ಕೊಳ್ಳುವಾಗ ಏನೆಂದು ಚೌಕಾಸಿ ಮಾಡುವುದು?

ಅಕ್ಟೋಬರ್ ೧೨, ಭಾನುವಾರ

ಈ ವಾರ ಬರುವುದಿಲ್ಲ, ತುರ್ತಿನ ಕೆಲಸ ಬಂದಿದೆ ಎಂದಳು. ನಾನೇ ಬಸ್ಸು ಹತ್ತಿದೆ.

ಪ್ರಯೋಗಾಲಯ ಒಂದು ಔಷಧಿ ಅಂಗಡಿಯ ಹಿಂದಿದೆ. ಮೇಜಿನ ತುಂಬ ಸುಣ್ಣದಚ್ಚಿನ ಬಾಯಿಗಳು, ಒಂದೊಂದಕ್ಕೂ ಸಂಖ್ಯೆ. ಇವಳು ದೀಪದ ಕೆಳಗೆ ಬಗ್ಗಿ ಒಂದು ಮುಂದಿನ ಹಲ್ಲಿನ ಅಂಚು ಉಜ್ಜುತ್ತಿದ್ದಳು. ಯಾರೋ ಸಂಗೀತದ ಮೇಷ್ಟರದಂತೆ. ಹಲ್ಲು ಬಿದ್ದ ಮೇಲೆ ಹಾಡುವುದು ನಿಲ್ಲಿಸಿಬಿಟ್ಟಿದ್ದಾರಂತೆ. ನಾಳೆ ಬೆಳಿಗ್ಗೆ ಕೊಡಬೇಕಿತ್ತು. ನಾನು ಪಕ್ಕದ ಸ್ಟೂಲಿನಲ್ಲಿ ಕೂತು ನೋಡಿದೆ. ಇಪ್ಪತ್ತೆರಡು ವರ್ಷದಲ್ಲಿ ಅವಳು ಕೆಲಸ ಮಾಡುವುದನ್ನು ನಾನು ನೋಡಿದ್ದು ಇದೇ ಮೊದಲು. ಉಜ್ಜುತ್ತಾಳೆ, ಬೆಳಕಿಗೆ ಹಿಡಿಯುತ್ತಾಳೆ, ತಲೆ ಅಲ್ಲಾಡಿಸುತ್ತಾಳೆ, ಮತ್ತೆ ಉಜ್ಜುತ್ತಾಳೆ. ಯಾರೂ ನೋಡದ ಒಳಬದಿಯನ್ನೂ ಬಿಡಲಿಲ್ಲ.

ಕೋಣೆ ಮಹಡಿಯ ಮೇಲೆ. ಒಂದು ಮಂಚ, ಒಂದು ಕುರ್ಚಿ, ಒಂದು ಕಿಟಕಿ, ಕಿಟಕಿಗೆ ಹಳದಿ ಪರದೆ. ಕಿಟಕಿ ಕಟ್ಟೆಯ ಮೇಲೆ ಒಂದೇ ಒಂದು ಚಹಾ ಕಪ್ಪು, ನೀಲಿ ಅಂಚಿನದು. ಅದರಲ್ಲಿ ನನಗೆ ಚಹಾ ಕೊಟ್ಟಳು, ತಾನು ಫ್ಲಾಸ್ಕಿನ ಮುಚ್ಚಳದಲ್ಲಿ ಕುಡಿದಳು.

ಕುಡಿದಾದ ಮೇಲೆ ನಾನು ಕಪ್ಪು ಮಗುಚಿ ನೋಡಿದೆ. ಬೇಕೆಂದು ಮಾಡಿದ್ದಲ್ಲ, ಕೈ ತಾನಾಗಿಯೇ ತಿರುಗಿತು. ಅಡಿಯಲ್ಲಿ ಬೆಲೆಯ ಚೀಟಿ ಹಾಗೇ ಇತ್ತು.

“ಇದಕ್ಕೆ ಇಷ್ಟೊಂದಾ?”

ಅವಳು ಕಪ್ಪು ಇಸಿದುಕೊಂಡು ತೊಳೆಯತೊಡಗಿದಳು. ನನಗೆ ಬೆನ್ನು ಮಾಡಿ ನಿಂತೇ ಹೇಳಿದಳು, ಸಿಟ್ಟಿಲ್ಲದೆ, ಹವೆಯ ಬಗ್ಗೆ ಮಾತಾಡುವ ಹಾಗೆ: “ಇಲ್ಲಿ ಚೀಟಿ ಕೀಳೋ ಕೆಲಸ ಇಲ್ಲ ಕಣ್ರೀ. ಎಷ್ಟು ಕೊಟ್ಟೆ ಅಂತ ಯಾರೂ ಕೇಳಲ್ಲ. ಒಳ್ಳೆ ನಿದ್ದೆ ಬರುತ್ತೆ ನಂಗಿಲ್ಲಿ.”

ಮೂರು ಗಂಟೆಯ ಬಸ್ಸಿಗೆ ಹಿಂದಿರುಗಿದೆ. ದಾರಿಯಲ್ಲಿ ಕಿಟಕಿ ಪಕ್ಕದ ಸೀಟು ಸಿಕ್ಕಿತ್ತು. ನಾನು ಕೇಳಿದ್ದರಲ್ಲಿ ತಪ್ಪೇನಿದೆ? ಬೆಲೆ ಕೇಳುವುದು ನನ್ನ ಕೆಲಸ. ಇಡೀ ದಾರಿ ಇದನ್ನೇ ನನಗೆ ನಾನು ಹೇಳಿಕೊಂಡೆ. ಊರು ಬಂದದ್ದು ತಿಳಿಯದೆ ಒಂದು ನಿಲ್ದಾಣ ಮುಂದೆ ಹೋಗಿ ಇಳಿದೆ.

ಅಕ್ಟೋಬರ್ ೧೫

ಆಸ್ಪತ್ರೆಗೆ ಊರುಗೋಲು ತಯಾರಿಸಿ ಕೊಡುವ ಮುದುಕ ಬಂದಿದ್ದ. ವರ್ಷವೂ ಬರುತ್ತಾನೆ. ಬೆಲೆ ಹೇಳಿದ, ನಾನು ಲೋಟ ಎತ್ತಿದೆ. ಅವನು ನನ್ನ ಗಂಟಲನ್ನೇ ನೋಡುತ್ತಾ ಕೂತ. ಗುಟುಕು ಇಳಿದಂತೆಲ್ಲ ಅವನ ಮುಖವೂ ಇಳಿಯುತ್ತಿತ್ತು. ಇದನ್ನು ನಾನು ಹಿಂದೆ ಗಮನಿಸಿರಲಿಲ್ಲ, ಕುಡಿಯುವಾಗ ನಾನು ಚಾವಣಿ ನೋಡುತ್ತೇನೆ.

ಅವನು ಹೇಳಿದ ಬೆಲೆಗೇ ಸಹಿ ಹಾಕಿದೆ. ಈ ಸಲ ಮರ ಚೆನ್ನಾಗಿದೆ, ಅದಕ್ಕೆ.

ಅಕ್ಟೋಬರ್ ೨೦

ಭಾವಮೈದ ಈ ಕಡೆ ಬಂದವನು ಮನೆಗೂ ಬಂದ. ಅಕ್ಕ ಇಲ್ಲದ ಮನೆಯನ್ನು ಒಂದು ಸುತ್ತು ನೋಡಿ, “ಏನ್ ಭಾವ, ಮನೆ ಹಾಸ್ಟೆಲ್ ಆಗಿದೆ?” ಎಂದ. ಕಾರಿನ ಮಾತು ಬಂತು. ತನ್ನ ಬಿಲ್ಲನ್ನು ಫೋನಿನಲ್ಲಿ ತೋರಿಸಿದ. ತೋರಿಸಬಾರದಿತ್ತು.

ನಲವತ್ತು ಸಾವಿರ ಇಳಿಸಿದ್ದು ನಿಜ. ಕೆಳಗಿನ ಸಾಲುಗಳಲ್ಲಿ ವಿಮೆ, ಸೀಟಿನ ಹೊದಿಕೆ, ತುಕ್ಕು ಹಿಡಿಯದ ಲೇಪ, ಪ್ರಖ್ಯಾತ ನಿರ್ವಹಣಾ ಶುಲ್ಕ, ಎಲ್ಲ ಸೇರಿ ಐವತ್ತೆರಡು ಏರಿಸಿದ್ದರು. ಕರವಸ್ತ್ರ ಹದಿನೇಳನೇ ತಾರೀಖು ಹೇಳಿದ ಬೆಲೆ ಇದಕ್ಕಿಂತ ಎಷ್ಟೋ ಕಡಿಮೆ.

ಅವನಿಗೆ ಹೇಳಲಿಲ್ಲ. ಹೇಳಿದ್ದರೆ ಒಂದು ತಿಂಗಳ ಹೊಟ್ಟೆಯುರಿ ಒಂದು ನಿಮಿಷದಲ್ಲಿ ತಣ್ಣಗಾಗುತ್ತಿತ್ತು. ಆದರೆ ನನ್ನ ಕಣ್ಣು ಬಾಗಿಲ ಬಳಿ ಅವಳ ಚಪ್ಪಲಿ ಇರುತ್ತಿದ್ದ ಜಾಗಕ್ಕೆ ಹೋಯಿತು. ಇಲ್ಲದ ನಲವತ್ತರ ಬೆನ್ನು ಹತ್ತಿ ಹೋಗಿದ್ದೆನಲ್ಲ.

“ಚೆನ್ನಾಗಿ ಇಳಿಸಿದ್ದೀಯಪ್ಪ,” ಎಂದು ಬೆನ್ನು ತಟ್ಟಿ ಕಳಿಸಿದೆ.

ಅಕ್ಟೋಬರ್ ೨೭

ಕರವಸ್ತ್ರ ಮಧ್ಯಾಹ್ನ ಆಫೀಸಿಗೇ ಫೋನು ಮಾಡಿದರು. ಮೊದಲನೇ ರಿಂಗಿಗೇ ಎತ್ತಿದೆ. ಬಿಳಿ ಕಾರು ವಾರ ಮುಂಚೆಯೇ ಬಂದಿದೆ. ಆದರೆ ಕಂಪನಿ ರಿಯಾಯಿತಿ ಕಡಿತ ಮಾಡಿದೆ, ಈಗ ಒಂಬತ್ತು ಸಾವಿರಕ್ಕಿಂತ ಹೆಚ್ಚು ಇಳಿಸಲಾಗದು. ಮ್ಯಾಟ್ ಕೊಡುತ್ತಾರೆ.

ಕೆಲಸ ಬಿಟ್ಟವನೇ ಹೋದೆ. ಮೇಜಿನ ಮೇಲೆ ನೀರಿನ ಲೋಟ ತಯಾರಿತ್ತು. ಅವರು ಬೆಲೆಯ ಹಾಳೆಯನ್ನು ನನ್ನ ಕಡೆ ತಿರುಗಿಸಿ, ಕೈಕಟ್ಟಿ, ಹಿಂದಕ್ಕೆ ಒರಗಿ ಕೂತರು. ನಾನು ಕುಡಿಯಲಿ ಎಂದು ಕಾಯುತ್ತಿದ್ದರು.

“ಸರಿ,” ಎಂದೆ.

“ಸಾರ್?”

“ಸರಿ. ಎಲ್ಲಿ ಸಹಿ ಹಾಕ್ಬೇಕು?”

ಅವರು ಪೆನ್ನು ಕೊಡಲು ಸ್ವಲ್ಪ ತಡ ಮಾಡಿದರು. “ನೀರು ಕುಡಿಯಲ್ವಾ ಸಾರ್?”

“ಬಾಯಾರಿಕೆ ಇಲ್ಲ.” ಸಹಿ ಹಾಕುತ್ತಾ ಕೇಳಿದೆ, “ಹದಿನೇಳನೇ ತಾರೀಖು ಇಪ್ಪತ್ತೆಂಟು ಸಾವಿರ ಅಂದ್ರಲ್ಲ. ಮೂವತ್ತಕ್ಕೆ ಬಿಳೀದಿದ್ದಿದ್ರೆ ಇನ್ನೂ ಇಳಿಸ್ತಿದ್ರಿ ತಾನೆ?”

“ಇಲ್ಲ ಸಾರ್. ಹಸಿರನ್ನ ಯಾರೂ ಮುಟ್ಟಲ್ಲ, ಅದಕ್ಕೆ ಮೂವತ್ತೈದು. ಬಿಳೀದಕ್ಕೆ ಇಪ್ಪತ್ತೆಂಟೇ ಕಡೇದು.”

“ಅದು ನಂಗೆ ಹೇಗೆ ಗೊತ್ತಾಗ್ಬೇಕಿತ್ತು?”

“ನಾನು ಹೇಳಿದ್ನಲ್ಲ ಸಾರ್,” ಎಂದರು. ಗೆದ್ದ ದನಿ ಅಲ್ಲ ಅದು. ಪಾಪ, ಅವರಿಗೆ ನಿಜವಾಗಿಯೂ ಆಶ್ಚರ್ಯವಾಗಿತ್ತು. “ಮೇಡಂ ಆವತ್ತು ಸೇತುವೆ ದಾಟಿ ಹೋದ್ರಲ್ಲ, ಆಗ್ಲೇ ಅಂದ್ಕೊಂಡೆ, ಇವ್ರಿಗೆ ಸರಿಯಾದ ಬೆಲೆಗೇ ಕೊಡ್ಬೇಕು ಅಂತ.”

ಹೊರಡುವಾಗ ನಾನೂ ಒಮ್ಮೆ ಬಾನೆಟ್ಟಿನ ಮೇಲೆ ಅಂಗೈ ಇಟ್ಟೆ. ಅವರು ಕರವಸ್ತ್ರ ತೆಗೆಯಲಿಲ್ಲ. “ಇನ್ನು ನಿಮ್ಮದೇ ಅಲ್ವಾ ಸಾರ್,” ಎಂದರು.

ಕೊಳ್ಳುವವನಾಗಿ ನಾನು ಮಾಡಿದ ಅತಿ ಕೆಟ್ಟ ವ್ಯಾಪಾರ. ಕಡತದಲ್ಲಿ ಹಾಗೇ ಬರೆದಿಡುತ್ತೇನೆ.

ನವೆಂಬರ್ ೨, ಭಾನುವಾರ

ಕಾರು ಬಂತು. ಇವಳು ಬೆಳಗಿನ ಬಸ್ಸಿಗೆ ಬಂದು ನಿಲ್ದಾಣದಿಂದ ನೇರ ಷೋರೂಮಿಗೇ ನಡೆದು ಬಂದಳು. ಕಾರಿನ ಸುತ್ತ ಒಂದು ಸಲ ಬಂದು, ಬಗ್ಗಿ, ಬಾಗಿಲಿನ ಬಣ್ಣವನ್ನೂ ಬಂಪರಿನ ಬಣ್ಣವನ್ನೂ ಹೋಲಿಸಿ ನೋಡಿದಳು. “ಹೂಂ, ಅದೇ ಬಿಳಿ,” ಎಂದಳು. ಎಷ್ಟಾಯಿತೆಂದು ಕೇಳಲಿಲ್ಲ, ನಾನೂ ಹೇಳಲಿಲ್ಲ.

ಈ ಸಲ ನಾನು ಪಕ್ಕದ ಸೀಟಿನಲ್ಲಿ ಕೂತೆ. ಸೇತುವೆಯವರೆಗೆ ಹೋಗಿ ಬಂದೆವು. ಅವಳು ಮತ್ತೆ ಅದೇ ಹಾಡು ಗುನುಗಿದಳು. ಇನ್ನು ದಿನಾ ಸಂಜೆ ಎಂಟಕ್ಕೆ ಮನೆ ಮುಂದೆ ಈ ಕಾರು ಬಂದು ನಿಲ್ಲುತ್ತದೆ, ಒಳಗೆ ಚಪ್ಪಲಿ ಬಿಡುವ ಸದ್ದು, ನಾನು ಚಹಾಕ್ಕೆ ನೀರಿಡುವುದು ಎಂದೆಲ್ಲ ಮನಸ್ಸಿನಲ್ಲೇ ಜೋಡಿಸಿಕೊಂಡೆ.

ಊಟವಾದ ಮೇಲೆ ಅಡುಗೆಮನೆಯ ಮೇಜಿನಲ್ಲಿ ಎದುರುಬದುರು ಕೂತಿದ್ದೆವು. ಅವಳು ಕಾರಿನ ಬೀಗದ ಕೈಯನ್ನು ಮೇಜಿನ ಮೇಲೆ ಅತ್ತ ಇತ್ತ ಸರಿಸುತ್ತಿದ್ದಳು.

“ಒಂದು ವಿಷಯ ಹೇಳ್ಬೇಕು,” ಎಂದಳು. “ಆ ಕೋಣೆ ಬಿಡೋಕೆ ನಂಗೆ ಮನಸ್ಸಿಲ್ಲ ರೀ. ಕೆಲಸ ಇನ್ನೂ ಹೊಸದು, ಬೆಳಿಗ್ಗೆ ಬೇಗ ಇಳಿದು ಕೂತ್ರೆ ಚೆನ್ನಾಗಿ ಸಾಗುತ್ತೆ. ಅದೊಂದೇ ಅಲ್ಲ. ಒಬ್ಬಳೇ ಇರೋದು ಹೇಗಿರುತ್ತೆ ಅಂತ ನಂಗೆ ಗೊತ್ತೇ ಇರ್ಲಿಲ್ಲ. ಅಪ್ಪನ ಮನೆ, ಆಮೇಲೆ ಈ ಮನೆ. ಸೋಮವಾರ, ಮಂಗಳವಾರ, ಬುಧವಾರ ಮೂರು ರಾತ್ರಿ ಅಲ್ಲಿರ್ತೀನಿ. ಗುರುವಾರ ಸಂಜೆ ಬರ್ತೀನಿ. ಉಳಿದ ದಿನ ಎಲ್ಲ ಇಲ್ಲೇ.”

ಏನಾದರೂ ಹೇಳಬೇಕು, ದನಿ ಹೊರಡುವುದಿಲ್ಲ. ಎದುರಿಗೆ ಊಟದ ನೀರಿನ ಲೋಟ ಇತ್ತು. ಎತ್ತಿಕೊಂಡು ಒಂದು ಗುಟುಕು ಕುಡಿದೆ. ಅದು ಇಳಿಯಲು ಹೊತ್ತು ಹಿಡಿಯಿತು. ಇನ್ನೊಂದು ಕುಡಿದೆ.

“ಸರಿ, ಎರಡು,” ಎಂದಳು. “ಬುಧವಾರಾನೂ ಬರ್ತೀನಿ.”

ನನಗೆ ತಕ್ಷಣ ಅರ್ಥವಾಗಲಿಲ್ಲ. ಲೋಟ ಇನ್ನೂ ಬಾಯ ಹತ್ತಿರವೇ ಇತ್ತು. ಅವಳ ಕಣ್ಣು ನನ್ನ ಗಂಟಲ ಮೇಲಿತ್ತು. ಆ ನೋಟ ಎಲ್ಲಿ ನೋಡಿದ್ದೆನೆಂದು ನೆನಪಾಯಿತು. ಊರುಗೋಲಿನ ಮುದುಕ.

“ಇನ್ನೂ ಸಾಲ್ದಾ?” ಎಂದಳು, ನಗಲು ಪ್ರಯತ್ನಿಸುತ್ತಾ. ನಗು ಅರ್ಧಕ್ಕೇ ನಿಂತಿತು. “ನನ್ಹತ್ರಾನೂ ಈ ಆಟ ಆಡ್ಬೇಕಾ ನೀವು?”

ಲೋಟ ಕೆಳಗಿಟ್ಟೆ. ಆಟವಲ್ಲ ಎಂದು ಹೇಳಬಹುದಿತ್ತು. ಹೇಳಿದ್ದರೆ ನಂಬುತ್ತಿದ್ದಳೋ ಇಲ್ಲವೋ. ನಾನೇ ಅವಳ ಜಾಗದಲ್ಲಿದ್ದರೆ ನಂಬುತ್ತಿರಲಿಲ್ಲ. ಒಂದು ಬುಧವಾರ, ತಾನಾಗಿಯೇ ಇಳಿದು ಬಂದು ಮೇಜಿನ ಮೇಲೆ ಕೂತಿತ್ತು. ವರ್ಷಕ್ಕೆ ಐವತ್ತೆರಡು ಬುಧವಾರ. ನನಗದು ಬೇಕಿತ್ತು. ಎಷ್ಟು ಬೇಕಿತ್ತೆಂದರೆ ಬರೆಯುವಾಗ ಈಗಲೂ ಬೇಕೆನಿಸುತ್ತದೆ.

“ಬೇಡ,” ಎಂದೆ. “ಮೂರೇ ಇರ್ಲಿ. ನೀನು ಮೊದ್ಲು ಹೇಳಿದ್ದು ಮೂರು ತಾನೆ?”

ಅವಳು ಬೀಗದ ಕೈ ಸರಿಸುವುದನ್ನು ನಿಲ್ಲಿಸಿದಳು. “ಯಾಕೆ?”

“ನೀನು ಯೋಚ್ನೆ ಮಾಡೇ ಹೇಳಿರ್ತೀಯ.”

ಬಹಳ ಹೊತ್ತು ನನ್ನನ್ನೇ ನೋಡಿದಳು, ಹಲ್ಲನ್ನು ಬೆಳಕಿಗೆ ಹಿಡಿದು ನೋಡುತ್ತಾಳಲ್ಲ, ಹಾಗೆ. ಆಮೇಲೆ ಕೈಚಾಚಿ ನನ್ನ ಲೋಟ ಎಳೆದುಕೊಂಡು, ಉಳಿದಿದ್ದ ನೀರನ್ನು ತಾನು ಕುಡಿದಳು. ಎದ್ದು ಪಾತ್ರೆ ತೊಳೆಯಲು ಹೋದಳು, ನಾನು ಒರೆಸಿಟ್ಟೆ.

ನವೆಂಬರ್ ೫, ಬುಧವಾರ

ಬರಲಿಲ್ಲ. ಬರುವ ದಿನವೂ ಅಲ್ಲ. ಎಂಟು ಗಂಟೆಗೆ ಒಂದು ಸಲ ಕಿಟಕಿಯಿಂದ ನೋಡಿದೆ, ಅಷ್ಟೇ.

ನವೆಂಬರ್ ೬, ಗುರುವಾರ

ಎಂಟಕ್ಕೆ ಐದು ನಿಮಿಷ ಇರುವಾಗ ಕಾರಿನ ಸದ್ದು. ಚಪ್ಪಲಿಯ ಸದ್ದಿಗೂ ಕಾಯದೆ ನೀರಿಟ್ಟುಬಿಟ್ಟಿದ್ದೆ, ಉಕ್ಕಿ ಒಲೆಯೆಲ್ಲ ಆಗಿತ್ತು. ಸಂಗೀತದ ಮೇಷ್ಟರು ನಿನ್ನೆ ಪ್ರಯೋಗಾಲಯಕ್ಕೆ ಬಂದು, ನಿಂತಲ್ಲೇ ಹಾಡಿ ತೋರಿಸಿ ಹೋದರಂತೆ. ಒಂದು ಅಕ್ಷರವೂ ಜಾರಲಿಲ್ಲವಂತೆ. ಅದನ್ನು ಹೇಳುತ್ತಲೇ ಕೈಚೀಲದಿಂದ ಕಾಗದದಲ್ಲಿ ಸುತ್ತಿದ್ದೇನನ್ನೋ ತೆಗೆದು ಮೇಜಿನ ಮೇಲಿಟ್ಟಳು. ನೀಲಿ ಅಂಚಿನ ಕಪ್ಪು. ಅಲ್ಲಿದ್ದುದರ ಜೋಡಿ.

“ಇಲ್ಲಿಗಲ್ಲ, ಆ ಕೋಣೆಗೆ,” ಎಂದಳು. “ಬಣ್ಣ ಸರಿ ಇದೆಯಾ ನೋಡಿ ಅಂತ ತಂದೆ. ನೀವು ಯಾವತ್ತಾದ್ರೂ ಮಂಗಳವಾರ ಬಂದ್ರೆ ನಾನು ಮುಚ್ಚಳದಲ್ಲಿ ಕುಡೀಬೇಕಲ್ಲ.”

ಅಡಿಯಲ್ಲಿ ಬೆಲೆಯ ಚೀಟಿ ಅಂಟಿಕೊಂಡೇ ಇತ್ತು, ಕಿತ್ತಿರಲಿಲ್ಲ. ಅವಳು ಕೈಕಾಲು ತೊಳೆಯಲು ಹೋದಳು. ಮಗುಚಿ ನೋಡಲಿಲ್ಲವೆಂದು ಬರೆದರೆ ಈ ಕಡತಕ್ಕೆ ದ್ರೋಹ. ನೋಡಿದೆ. ಜಾಸ್ತಿಯೇ ಕೊಟ್ಟಿದ್ದಾಳೆ.

“ಬಣ್ಣ ಚೆನ್ನಾಗಿದೆ,” ಎಂದೆ. ಮಂಗಳವಾರ ಅಲ್ಲಿಗೆ ಹೋಗುವ ಬಸ್ಸು ಐದೂವರೆಗಿದೆ.